ಧೂಮಪಾನ, ಕಾನೂನು ಮತ್ತು ಶ್ರಾವಕನ ನಿಯಮ



ನಮ್ಮ ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಿದ್ದ ಸಪ್ತವ್ಯಸನಗಳಲ್ಲಿ ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳ್ಳತನ, ಪರಸ್ತ್ರೀಗಮನ ಎಂಬ ಏಳು ಹೆಸರುಗಳಿವೆ, ಹೊಗೆಸೊಪ್ಪಿನ ಹೆಸರಿಲ್ಲ. ಕಾರಣ ಸರಳವಾಗಿದೆ. ನಮ್ಮ ಪೂರ್ವಾಚಾರ್ಯರ ಕಾಲದಲ್ಲಿ ಹೊಗೆಸೊಪ್ಪು ಈ ದೇಶದಲ್ಲಿ ಇರಲೇ ಇಲ್ಲ. ಅಮೆರಿಕ ಖಂಡದ ಈ ಗಿಡವು ಪೋರ್ಚುಗೀಸರ ಮೂಲಕ ಸಮುದ್ರಮಾರ್ಗವಾಗಿ ಇಲ್ಲಿಗೆ ಬಂದಿತು. ಹೆಸರಿಲ್ಲವೆಂಬ ಮಾತ್ರಕ್ಕೆ ದೋಷವಿಲ್ಲವೆಂದು ಯಾರೂ ವಾದಿಸಲಾರರು. ಆದರೆ ಇಲ್ಲಿ ನಾನು ವಿಚಾರಿಸಬೇಕೆಂದಿರುವ ಪ್ರಶ್ನೆ ಬೇರೆ. ಒಳಿತು ಕೆಡುಕು ಬಲ್ಲ ವಯಸ್ಕನ ಚಟವನ್ನು ಸರಕಾರದ ಕಾನೂನು ಬಿಡಿಸಬಲ್ಲುದೇ? ಬಿಡಿಸಿದರೆ ಅದು ಅವನ ಸಂಯಮವೋ, ಕೇವಲ ದಂಡದ ಭಯವೋ?

ಈ ವಿಷಯದಲ್ಲಿ ನಮ್ಮ ಕೇರಳವು ದೇಶಕ್ಕೆ ದಾರಿ ತೋರಿಸಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡುವುದು ಕಾನೂನುಬಾಹಿರವೆಂದು ಕೇರಳ ಹೈಕೋರ್ಟು 1999ರ ಜುಲೈ 12ರಂದು ತೀರ್ಪು ನೀಡಿತು. 2003ರಲ್ಲಿ ಕೇಂದ್ರ ಸರಕಾರದ ಕಾಯಿದೆ ಬಂದಿತು. 18 ವರ್ಷದೊಳಗಿನವರಿಗೂ, ಶಾಲೆ ಕಾಲೇಜುಗಳಿಂದ 100 ಗಜದ ಒಳಗೂ ಮಾರಬಾರದೆಂಬ ನಿಯಮವಾಯಿತು. 2008ರ ಗಾಂಧಿ ಜಯಂತಿಯಂದು ಸಾರ್ವಜನಿಕ ಸ್ಥಳಗಳ ನಿಷೇಧವು ಇನ್ನಷ್ಟು ಬಿಗಿಯಾಯಿತು. 2009ರಿಂದ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರ ಬಂದಿತು. 2016ರಿಂದ ಆ ಎಚ್ಚರಿಕೆ ಪೊಟ್ಟಣದ ಶೇಕಡಾ 85 ಭಾಗವನ್ನು ಆವರಿಸಿದೆ. ಕೇಂದ್ರ ಸರಕಾರದ ಸಮೀಕ್ಷೆಗಳ ಪ್ರಕಾರ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪು ಬಳಸುವ ವಯಸ್ಕರು ಕೇರಳದಲ್ಲಿ 2009-10ರಲ್ಲಿ ಶೇಕಡಾ 21.4 ಇದ್ದು, 2016-17ರಲ್ಲಿ 12.7ಕ್ಕೆ ಇಳಿದರು. ಇದೆಲ್ಲವೂ ಕಾನೂನಿನಿಂದಲೇ ಆಯಿತೆನ್ನಲಾಗದು. ವೈದ್ಯರ ಮಾತು, ಮನೆಯವರ ಒತ್ತಾಯ, ಜನರ ತಿಳುವಳಿಕೆ ಇವೂ ಸೇರಿವೆ. ಆದರೂ ಕಾನೂನು ನಿಷ್ಫಲವೆಂದು ಹೇಳುವಂತಿಲ್ಲ.

ಪಯ್ಯಂಪಳ್ಳಿಯ ಅಂಗಡಿಯಲ್ಲಿ ಕುಳಿತು ಈ ನಿಯಮಗಳ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಜಗಲಿಯ ಮೇಲೆ ಕುಳಿತು ಸೇದುತ್ತಿದ್ದವರು ದಂಡದ ಮಾತು ಕೇಳಿ ಅಂಗಡಿಯ ಹಿಂಬದಿಗೆ ಹೋದರು. ಕರ್ಕಾಟಕದ ಮಳೆಯಲ್ಲಿ ಹಾಗೆ ಹೋಗಲು ಬೇಸರಪಟ್ಟು ಬೀಡಿಯನ್ನು ಜೇಬಿಗೇ ಮರಳಿಸಿದವರೂ ಉಂಟು. ಚಿತ್ರ ನೋಡಿ ಕೆಲವರು ಪೊಟ್ಟಣವನ್ನು ಮಗುಚಿ ಇಟ್ಟುಕೊಂಡರು. ಒಂದೆರಡು ಬಿಡಿಯಾಗಿ ಕೊಳ್ಳುವ ಬಡವನಿಗೆ ಚಿತ್ರವೂ ಕಾಣುವುದಿಲ್ಲ, ಬೆಲೆಯೂ ಭಾರವೆನಿಸುವುದಿಲ್ಲ. ನೆರೆಯ ಕರ್ನಾಟಕವು ಬಿಡಿ ಸಿಗರೇಟಿನ ಮಾರಾಟವನ್ನು ನಿಷೇಧಿಸಿ, ಕೊಳ್ಳುವವರ ವಯಸ್ಸನ್ನು 21ಕ್ಕೆ ಏರಿಸಿದ ತಿದ್ದುಪಡಿಯನ್ನು 2025ರಲ್ಲಿ ಜಾರಿಗೆ ತಂದಿರುವುದು ಇದನ್ನು ತಿಳಿದೇ ಇರಬೇಕು.

ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಕಡ್ಡಿ ತಾನಾಗಿ ಗೀರಲ್ಪಡುತ್ತದೆ. ಸೇದುವವನಿಗೆ ತಾನು ಸೇದುತ್ತಿರುವುದೇ ಅರಿವಿರುವುದಿಲ್ಲ. ಇದನ್ನೇ ನಮ್ಮ ಶಾಸ್ತ್ರವು ಪ್ರಮಾದವೆನ್ನುತ್ತದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಮಾದವನ್ನೇ ಮುಂದಿಟ್ಟಿದೆ. ಬೆಲೆ, ಚಿತ್ರ, ದಂಡ, ದೂರ ಇವೆಲ್ಲವೂ ಆಸೆಗೂ ಕ್ರಿಯೆಗೂ ನಡುವೆ ಒಂದು ಕ್ಷಣದ ಬಿಡುವನ್ನು ಒದಗಿಸುತ್ತವೆ. ಕಾನೂನಿನ ಉಪಕಾರ ಇಷ್ಟೇ, ಆದರೆ ಇದು ಸಣ್ಣ ಉಪಕಾರವಲ್ಲ. ಆ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಅವನೇ ನಿಶ್ಚಯಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ, ಜೀವಾವಧಿಯ ತ್ಯಾಗವನ್ನು ಯಮವೆಂದೂ ವಿಂಗಡಿಸಿದ್ದಾರೆ. ಎರಡೂ ತಾನಾಗಿ ಸ್ವೀಕರಿಸುವಂಥವು, ಹೊರಗಿನವರು ಹೇರುವಂಥವಲ್ಲ.

ಇದನ್ನು ನನಗೆ ಕಲಿಸಿದವರು ಪಂಡಿತರಲ್ಲ, ಒಬ್ಬ ಗಾರೆಕೆಲಸದ ಮೇಸ್ತ್ರಿ. ಅವರು ಜೈನರೂ ಅಲ್ಲ. ಒಂದು ಬೆಳಿಗ್ಗೆ ಬಂದು, “ಗೌಡರೇ, ಇಂದಿನಿಂದ ನನಗೆ ದಿನಕ್ಕೆ ನಾಲ್ಕೇ ಬೀಡಿ. ಐದನೆಯದನ್ನು ನಾನು ಜಗಳವಾಡಿ ಕೇಳಿದರೂ ಕೊಡಬೇಡಿ” ಎಂದರು. ಶಾಸ್ತ್ರ ಓದದ ಆ ಮನುಷ್ಯನು ಮಾಡಿಕೊಂಡದ್ದು ನಿಯಮವೇ ಅಲ್ಲವೇ? ಕೆಲವು ವಾರ ಅದು ನಡೆಯಿತು. ಒಂದು ಸಂಜೆ ಅಂಗಡಿಯಲ್ಲಿ ಜನರು ತುಂಬಿದ್ದಾಗ ಅವರು ಐದನೆಯದನ್ನು ಕೇಳಿದರು. ವಾದ ಮಾಡಲು ಪುರುಸೊತ್ತಿಲ್ಲದೆ, ಇರುವ ಗಿರಾಕಿಯನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ನಾನು ಕೊಟ್ಟುಬಿಟ್ಟೆ. ಮರುದಿನದಿಂದ ಅವರು ನಾಲ್ಕರ ಮಾತೆತ್ತಲಿಲ್ಲ; ನಾನೂ ಎತ್ತಲಿಲ್ಲ.

ನಾನು ಯಾವ ಕಾನೂನನ್ನೂ ಮುರಿದಿರಲಿಲ್ಲ. ಅವರು ವಯಸ್ಕರು, ಹತ್ತಿರದಲ್ಲಿ ಶಾಲೆಯಿಲ್ಲ. ಯಾವ ಅಧಿಕಾರಿಯೂ ನನಗೆ ದಂಡ ವಿಧಿಸಲಾರನು. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ಲೆಕ್ಕಗಳನ್ನು ಇಟ್ಟಿರುವ ನಮ್ಮ ಧರ್ಮದಲ್ಲಿ ನಾನು ನಿರ್ದೋಷಿಯೆನ್ನಲು ಬರುವುದಿಲ್ಲ. ವಿಷ, ಶಸ್ತ್ರ, ಬೆಂಕಿ ಮೊದಲಾದ ಹಾನಿಕರ ಸಾಧನಗಳನ್ನು ಪರರಿಗೆ ಒದಗಿಸುವುದನ್ನು ದಿಗಂಬರ ಗ್ರಂಥಗಳು ಹಿಂಸಾದಾನವೆನ್ನುತ್ತವೆ. ಕಲ್ಲಿಕೋಟೆಯ ನಮ್ಮ ಗುಜರಾತಿ ಬಂಧುಗಳು ಅನುಸರಿಸುವ ಶ್ವೇತಾಂಬರ ಪರಂಪರೆಯು ಶ್ರಾವಕನು ಬಿಡಬೇಕಾದ 15 ವೃತ್ತಿಗಳಲ್ಲಿ ವಿಷವಾಣಿಜ್ಯವನ್ನೂ ಎಣಿಸುತ್ತದೆ. ಭಾಷೆ ಬೇರೆ, ಪಂಥ ಬೇರೆ. ವ್ಯಾಪಾರಿಗೆ ಹೇಳಿದ ಮಾತು ಒಂದೇ.

“ನೀವು ಮಾರದಿದ್ದರೆ ಪಕ್ಕದವರು ಮಾರುತ್ತಾರೆ” ಎಂಬ ಮಾತುಂಟು. ಅದು ನಿಜವೇ. ಬೀಡಿಯನ್ನು ನಂಬಿದ ಬಡವರ ಗತಿಯೇನೆಂಬ ಪ್ರಶ್ನೆಯೂ ಅಷ್ಟೇ ನಿಜ. ಬಾವಲಿ ದಾಟಿದರೆ ಹೆಗ್ಗಡದೇವನಕೋಟೆ, ಅದರಾಚೆ ಹುಣಸೂರು, ಪಿರಿಯಾಪಟ್ಟಣ. ಅಲ್ಲಿ ಹೊಗೆಸೊಪ್ಪು ಬೆಳೆದು, ಸೌದೆ ಉರಿಸಿ ಹದಮಾಡಿ ಬದುಕುವ ಅನೇಕ ರೈತ ಕುಟುಂಬಗಳಿವೆ. ಅವರನ್ನು ನಿಂದಿಸುವುದು ಅಹಿಂಸೆಯಲ್ಲ, ಬೇರೆ ದಾರಿ ತೋರಿಸುವುದು ಅಹಿಂಸೆ. ಕೆಲಸ ಕಳೆದುಕೊಂಡ ಬೀಡಿ ಕಾರ್ಮಿಕರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ಆರಂಭವಾದ ದಿನೇಶ್ ಬೀಡಿ ಸಹಕಾರ ಸಂಘವು ಬೀಡಿಯ ಬೇಡಿಕೆ ಕುಗ್ಗಿದಾಗ ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆಗಳ ತಯಾರಿಕೆಗೆ ತಿರುಗಿತು. ಎಲ್ಲರಿಗೂ ಕೆಲಸ ಉಳಿಯಲಿಲ್ಲ, ಆದರೆ ದಾರಿಯೇ ಇಲ್ಲವೆಂಬ ಮಾತು ಸುಳ್ಳಾಯಿತು.

ನಾನು ಬೀಡಿ ಸಿಗರೇಟು ಮಾರುವುದನ್ನು 2011ರಲ್ಲಿ ನಿಲ್ಲಿಸಿದೆನು. ಬೀಡಿಯೊಡನೆ ಚಹಾಪುಡಿ, ಸಕ್ಕರೆ ಒಯ್ಯುತ್ತಿದ್ದ ಕೆಲವರು ಬೇರೆ ಅಂಗಡಿಗೆ ಹೋದರು. ಬೀದಿಯಲ್ಲಿ ಸೇದುವ ಬೀಡಿಗಳ ಸಂಖ್ಯೆ ನನ್ನಿಂದ ಒಂದೂ ಕಡಿಮೆಯಾಗಿರಲಾರದು. ನನ್ನ ಲೆಕ್ಕದಲ್ಲಿ ಮಾತ್ರ ಒಂದು ದೋಷ ಕಡಿಮೆಯಾಯಿತು. ಮೇಸ್ತ್ರಿಯ ಐದನೆಯ ಬೀಡಿಯ ಲೆಕ್ಕ ಇನ್ನೂ ತೀರಿಲ್ಲ.

ಈ ಉತ್ಸವದ ಸಂದರ್ಭದಲ್ಲಿ ನನ್ನ ವಿನಮ್ರ ಪ್ರಾರ್ಥನೆಯಿಷ್ಟು. ಸೇದುವ ಬಂಧುಗಳು ಜೀವಾವಧಿಯ ಯಮವನ್ನು ಸ್ವೀಕರಿಸಲು ಅಂಜಿದರೆ ಉತ್ಸವದ ದಿನಗಳ ಮಟ್ಟಿಗಾದರೂ ಒಂದು ನಿಯಮ ತೆಗೆದುಕೊಳ್ಳಲಿ. ಮನೆಯವರು ಅದನ್ನು ಹಾಸ್ಯ ಮಾಡದೆ ಕಾಪಾಡಲಿ. ವ್ಯಾಪಾರಿಗಳು ತಮ್ಮ ಅಂಗಡಿಯ ಕಪಾಟನ್ನೊಮ್ಮೆ ನೋಡಿಕೊಳ್ಳಲಿ. ಯಾರಾದರೂ ನಿಮ್ಮ ಬಳಿ ಬಂದು “ನಾನು ಕೇಳಿದರೂ ಕೊಡಬೇಡಿ” ಎಂದರೆ, ದಯವಿಟ್ಟು ಕೊಡಬೇಡಿ.