ಯಾರೂ ನೋಡದ ಅಂಕಿ

ಯಾರೂ ನೋಡದಿರುವಾಗಲೂ ಮನುಷ್ಯನು ತನ್ನ ಕೆಲಸವನ್ನು ಸರಿಯಾಗಿ ಏಕೆ ಮಾಡಬೇಕು? ಹಳೆಯ ಪ್ರಶ್ನೆ ಇದು. ಇದಕ್ಕೆ ದಕ್ಷಿಣ ಧ್ರುವಖಂಡದ ಒಂದು ಬಿಡಾರ ಉತ್ತರ ಹೇಳೀತು.

ಅಂಟಾರ್ಕ್ಟಿಕದ ಹ್ಯಾಲಿ ಕೊಲ್ಲಿಯಲ್ಲಿ ಬ್ರಿಟಿಷರು 1956ರಲ್ಲಿ ಸಂಶೋಧನ ಠಾಣ್ಯವೊಂದನ್ನು ಕಟ್ಟಿದರು. ಕಡಲ ಮೇಲೆ ತೇಲುವ ಹಿಮಹಾಸಿನಲ್ಲಿ ನಿಂತ ಆ ಮನೆಗಳನ್ನು ಹಿಮವೇ ಹೂತುಹಾಕಿತು. ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕಾಯಿತು. ಚಳಿಗಾಲದಲ್ಲಿ ನೂರು ದಿನಕ್ಕೂ ಮಿಕ್ಕಿ ಸೂರ್ಯನೇ ಮೂಡುವುದಿಲ್ಲ. ಅಲ್ಲಿದ್ದವರ ದಿನಚರಿ ಸಾಹಸದ್ದೇನೂ ಅಲ್ಲ: ಹಿಮವನ್ನು ಕರಗಿಸಿ ನೀರು ಮಾಡುವುದು, ಗಾಳಿ ಚಳಿಗಳ ಲೆಕ್ಕವಿಡುವುದು, ಸೂರ್ಯನಿರುವ ತಿಂಗಳುಗಳಲ್ಲಿ ಡಾಬ್ಸನ್ ಯಂತ್ರದಿಂದ ಬೆಳಕನ್ನಳೆದು, ಅತಿನೇರಳೆ ಕಿರಣಗಳನ್ನು ತಡೆಯುವ ಓಜೋನ್ ಎಷ್ಟಿದೆಯೆಂದು ಬರೆದಿಡುವುದು. ನಿನ್ನೆಯ ಅಂಕಿಯನ್ನೇ ಇಂದೂ ಬರೆದಿದ್ದರೆ ಕೇಳುವವರು ಯಾರಿದ್ದರು?

ಬರೆಯುವವರು ಬದಲಾದರು, ಬರವಣಿಗೆ ನಿಲ್ಲಲಿಲ್ಲ. ಮೊದಲು ಸುಮಾರು 300 ಡಾಬ್ಸನ್ ಮಾನವಿದ್ದ ಅಕ್ಟೋಬರ್ ತಿಂಗಳ ಸರಾಸರಿ 1984ರ ವೇಳೆಗೆ 200ರ ಆಸುಪಾಸಿಗೆ ಇಳಿದಿತ್ತು. ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು 1985ರಲ್ಲಿ ಇದನ್ನು ಪ್ರಕಟಿಸಿದರು. ಓಜೋನನ್ನು ಕೆಡಿಸುವ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ 1987ರಲ್ಲಿ ಆಯಿತು. ಹಿಂದಿನ ಅಂಕಿಗಳು ನಿಜವಾಗಿದ್ದುದರಿಂದಲೇ ಈ ಇಳಿತ ಕಣ್ಣಿಗೆ ಬಿದ್ದಿತು.

ಫಲ ದೊರೆಯಿತು, ಆದ್ದರಿಂದ ಶ್ರಮ ಸಾರ್ಥಕ ಎಂದರೆ ಅರ್ಧ ಮಾತಾಯಿತು. ಮೊದಲ ವರ್ಷ ಅಳೆದವನಿಗೆ ಈ ಫಲದ ಸುಳಿವೇ ಇರಲಿಲ್ಲ. ಏನೂ ಘಟಿಸದೆ ಹೋಗಿದ್ದರೂ ಅವನ ಅಂಕಿ ನಿಜವಾಗಿಯೇ ಉಳಿಯುತ್ತಿತ್ತು. ನಾವು ದಿನವೂ ತುಂಬುವ ಲೆಕ್ಕದ ಪುಸ್ತಕವನ್ನು, ತಿದ್ದುವ ಉತ್ತರಪತ್ರಿಕೆಯನ್ನು ಮತ್ತೆ ಯಾರೂ ಬಿಚ್ಚಿ ನೋಡಲಾರರು. ಆದರೆ ಅದನ್ನು ನಂಬಿ ನಡೆಯುವವರು ಇದ್ದಾರೆ.