ಗಂಟು ಯಾರದು?

ಕಳೆದ ಮಳೆಗಾಲದ ಒಂದು ಸಂಜೆ ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಕರಿಯನ ಮೈಯಿಂದ ಉಣ್ಣಿ ಹೆಕ್ಕುತ್ತಿದ್ದೆ. ಕರಿಯನೆಂದರೆ ನಮ್ಮ ನಾಯಿ. ಒಂಬತ್ತು ವರ್ಷದ ಮುದುಕ. ಪಕ್ಕೆಲುಬಿನ ಮೇಲೆ, ಚರ್ಮದಡಿಯಲ್ಲಿ, ಅಡಕೆಯಷ್ಟು ದಪ್ಪದ ಗಂಟೊಂದು ಬೆರಳಿಗೆ ಸಿಕ್ಕಿತು. ಒತ್ತಿ ನೋಡಿದೆ. ಅವನು ಬಾಲ ಆಡಿಸಿದ. ನಾನು ಕೈ ತೆಗೆದೆ. ಅಂದಿನಿಂದ ಗಂಟು ಅವನದು, ಹೆದರಿಕೆ ನನ್ನದು.

ಹೆದರಿದವನು ಮಾಡಬೇಕಾದುದು ಒಂದೇ: ಪಶುವೈದ್ಯರಲ್ಲಿಗೆ ಹೋಗುವುದು. ನಾನು ಎರಡು ತಿಂಗಳು ಹೋಗಲಿಲ್ಲ. ಹೋಗದಿರಲು ಕಾರಣಗಳಿಗೆ ಬರವೇ? ಚೌತಿ ಕಳೆಯಲಿ ಎಂದೆ. ಚೌತಿ ಕಳೆದ ಮೇಲೆ ನವರಾತ್ರಿ ಮುಗಿಯಲಿ ಎಂದೆ. ಅರಿಸಿನ ತೇಯ್ದು ಹಚ್ಚಿದೆ. ಕರಿಯ ಅದನ್ನು ನೆಕ್ಕಿ ಮುಗಿಸಿದ. ಕೊನೆಗೆ, ಗಂಟು ಬೆಳೆದುದು ತಿಳಿದೀತೆಂದು ಆ ಪಕ್ಕೆಯನ್ನು ಸವರುವುದನ್ನೇ ಬಿಟ್ಟೆ. ಯಜಮಾನನಿಗೆ ಏಕೆ ಮುನಿಸು ಎಂದು ಅವನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ತಾನೇ ಬಂದು ನನ್ನ ಮೊಣಕಾಲಿಗೆ ಮೈ ತಿಕ್ಕುತ್ತಿದ್ದ.

ಇಂಥ ಹೊತ್ತಿನಲ್ಲಿ ಸಲಹೆ ಕೇಳುವವನಿಗೆ ನಿಜವಾಗಿ ಬೇಕಾದುದು ಸಮರ್ಥನೆ. ಬೆಳ್ತಂಗಡಿಯಲ್ಲಿ ನನ್ನ ಅಕ್ಕನ ಮನೆ. ಅಡಕೆ ತೋಟದ ಒಡೆಯರಾದ ಭಾವನವರು ಅದನ್ನು ಧಾರಾಳವಾಗಿ ಕೊಟ್ಟರು. "ನಾಯಿಗೂ ಆಪರೇಶನ್ನೇ ಮಾರಾಯಾ? ಮನುಷ್ಯರಿಗೇ ಮದ್ದಿಗೆ ಗತಿಯಿಲ್ಲ. ಅದರ ಆಯುಸ್ಸು ಅದಕ್ಕೆ." ಭಾವನವರು ನಿರ್ದಯರಲ್ಲ, ಹಾಲು ಕೊಡುವ ಹಸುವಿಗೆ ಹೊಟ್ಟೆಯುಬ್ಬರ ಬಂದಾಗ ನಡುರಾತ್ರಿಯಲ್ಲಿ ಡಾಕ್ಟರನ್ನು ಕರೆತಂದವರು. ಅವರ ಮಾತು ಸರಿಯೆಂದೇ ತೋರಿತು. ಆದರೆ ಹಿಂದಿರುಗುವಾಗ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ: ಕರಿಯನಿಗೆ ಖರ್ಚು ಮಾಡದೆ ಉಳಿಸಿದ ಹಣ ಯಾವ ಬಡವನ ಮದ್ದಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ, ಭದ್ರವಾಗಿ ನನ್ನ ಗಂಟಿನಲ್ಲೇ ಇತ್ತು.

ಇನ್ನೊಂದು ಆಸರೆ ಉಳಿದಿತ್ತು: ಅಹಿಂಸೆ. ಮೂಡುಬಿದಿರೆಯಲ್ಲಿ ನನಗೆ ಜೈನ ಸ್ನೇಹಿತರೊಬ್ಬರಿದ್ದಾರೆ, ನಿವೃತ್ತ ಅಧ್ಯಾಪಕರು. 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯ ಅಂಗಳದಲ್ಲಿ ಅವರೊಡನೆ ನಡೆಯುತ್ತ, "ಮೂಕಪ್ರಾಣಿಯ ಮೈಗೆ ಕತ್ತಿ ಹಾಕಿಸುವುದು ಹಿಂಸೆಯಲ್ಲವೇ?" ಎಂದು ಕೇಳಿದೆ. ಅವರು ನಕ್ಕರು. "ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮುಂದಿಟ್ಟು ಹೇಳುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ. ಕತ್ತಿಯ ಮಾತು ಆಮೇಲಿರಲಿ. ಈ ಎರಡು ತಿಂಗಳು ನೀವು ಎಚ್ಚರವಾಗಿದ್ದಿರೋ?"

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ದೇಶದ ಕಾಯಿದೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಕಲಮಿನಂತೆ, ಪ್ರಾಣಿಯನ್ನು ಸಾಕಿದವನು ಅದರ ಕ್ಷೇಮಕ್ಕೂ ಅದಕ್ಕೆ ಅನಗತ್ಯ ನೋವಾಗದಂತೆ ತಡೆಯುವುದಕ್ಕೂ ತಕ್ಕ ಕ್ರಮಗಳನ್ನೆಲ್ಲ ಕೈಗೊಳ್ಳಬೇಕು. ಹೊಡೆಯದಿದ್ದರೆ ಸಾಲದು, ನೋಡಿಕೊಳ್ಳಬೇಕು.

ಮರುದಿನ ಹೋದೆವು. ವೈದ್ಯರು ಮೊದಲು ಕರಿಯನ ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮೊಣಕಾಲ ಹಿಂದೆ ಮುಟ್ಟಿ ನೋಡಿದರು. ಅಲ್ಲಿಯ ಗ್ರಂಥಿಗಳು ಊದಿದ್ದರೆ ಅದು ಬೇರೆಯೇ ಕಥೆಯಂತೆ. ಮುದಿ ನಾಯಿಗಳ ಚರ್ಮದಡಿಯಲ್ಲಿ ಮೆತ್ತಗೆ ಜಾರುವ ಗಂಟು ಎಷ್ಟೋ ಸಲ ಬರಿಯ ಕೊಬ್ಬು. ಆದರೆ ಮಾಸ್ಟ್ ಕಣದ ಅರ್ಬುದವೂ ಬೆರಳಿಗೆ ಹಾಗೆಯೇ ತೋರಬಹುದು. "ಮುಟ್ಟಿಯೇ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ" ಎಂದರು. ಸಪೂರ ಸೂಜಿ ಚುಚ್ಚಿ, ಸೆಳೆದುದನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕರಿಯ ಕುಂಯ್ ಎನ್ನಲಿಲ್ಲ. ಕೊಬ್ಬೇ ಆಗಿತ್ತು.

ಮನೆಗೆ ಬರುವಾಗ ನನ್ನ ಹಿಗ್ಗನ್ನು ಕೇಳಬೇಡಿ. ಎರಡು ತಿಂಗಳು ತಡವಾದುದರಿಂದ ಏನು ಮುಳುಗಿತು ಎಂದು ಮನಸ್ಸು ಆಗಲೇ ವಕೀಲಿ ಹೂಡಿತ್ತು. ಆದರೆ ಗಂಟು ಕೊಬ್ಬಾದುದು ಅದೃಷ್ಟ, ನನ್ನ ಗುಣವಲ್ಲ. ಅದು ಅರ್ಬುದವಾಗಿದ್ದರೂ ನಾನು ಅಷ್ಟೇ ದಿನ ಸುಮ್ಮನಿರುತ್ತಿದ್ದೆ. ಫಲ ಒಳ್ಳೆಯದಾದ ಮಾತ್ರಕ್ಕೆ ತಪ್ಪು ಅಳಿಸಿ ಹೋಗುವುದೇ? ಎಲ್ಲವನ್ನೂ ತಿಳಿದ ಮೇಲೆ, ಮುದಿ ದೇಹಕ್ಕೆ ಶಸ್ತ್ರಕ್ರಿಯೆ ಬೇಡವೆಂದು, ನೋವಿಲ್ಲದ ಕೊನೆಗಾಲವಷ್ಟೇ ಸಾಕೆಂದು ನಿಶ್ಚಯಿಸುವವರಿದ್ದಾರೆ. ಅದೊಂದು ನಿರ್ಧಾರ, ಅದಕ್ಕೆ ಗೌರವವಿದೆ. ನಾನು ಮಾಡಿದುದಕ್ಕೆ ಆ ಹೆಸರಿಲ್ಲ. ತಿಳಿಯದಿರುವುದು ನನಗೆ ಹಿತವಾಗಿತ್ತು. ಆ ಹಿತದ ಬೆಲೆಯನ್ನು ನಾಯಿಯ ಮೈಯ ಮೇಲೆ ಸಾಲ ಬರೆದಿದ್ದೆ. ತನ್ನ ಗಂಟಿನ ವಿಚಾರ ಹೇಳಿಕೊಳ್ಳಲು ನಾಯಿಗೆ ಬಾರದು. ಎಳೆಯ ಮಗುವಿಗೂ ಬಾರದು, ಮಾತು ನಿಂತ ವೃದ್ಧರಿಗೂ ಬಾರದು. ಅಂಥವರ ಪರವಾಗಿ ತಿಳಿದುಕೊಳ್ಳುವ ಹೊಣೆ ನಮ್ಮದು.

ಕರಿಯನ ಗಂಟು ಈಗಲೂ ಇದೆ. ತೆಗೆಯಬೇಕಾಗಿಲ್ಲ, ಬೆಳೆಯುವುದೋ ಎಂದು ನೋಡುತ್ತಿರಿ ಎಂದಿದ್ದಾರೆ. ಪ್ರತಿ ಸಂಕ್ರಮಣದಂದು ಜಗಲಿಯಲ್ಲಿ ಕುಳಿತು ಅದನ್ನು ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಅವನು ಬಾಲ ಆಡಿಸುತ್ತಾನೆ. ನಾನು ಕೈ ತೆಗೆಯುವುದಿಲ್ಲ.