ಐದನೇ ಹಾಡು

ಡಿಸೆಂಬರ್ ಬಂದ್ರೆ ನಮ್ಮ ಆಫೀಸಿನಲ್ಲಿ ಕೆಲಸ ಕಮ್ಮಿ, ಫಾರ್ಮು ಜಾಸ್ತಿ. ಹೋದ ವರ್ಷ ಎಚ್‌ಆರ್‌ನವರು ಕಳಿಸಿದ ಫಾರ್ಮಿನಲ್ಲಿ ಒಂದೇ ಪ್ರಶ್ನೆ: ನಿಮಗೆ ಅತಿ ಇಷ್ಟವಾದ ಐದು ಹಾಡು ಬರೆಯಿರಿ, ಒಂದೊಂದೂ ಯಾಕೆ ಇಷ್ಟ ಅಂತ ಎರಡು ಸಾಲು ಹೇಳಿ. ಭಾಷೆ ಯಾವುದಾದರೂ ಸರಿ. ಪಾರ್ಟಿ ದಿನ ಹೆಸರು ಮುಚ್ಚಿಟ್ಟು ಪಟ್ಟಿಗಳನ್ನು ಓದ್ತಾರೆ, ಇದು ಯಾರದ್ದು ಅಂತ ಉಳಿದವರು ಊಹಿಸಬೇಕು. ಅದೇ ಆಟ. ಐದು ನಿಮಿಷದ ಕೆಲಸ ಅಂದ್ಕೊಂಡೆ. ಮೂರು ವಾರ ಹಿಡೀತು.

ಇಂಥ ಪಟ್ಟಿಯ ವಿಷಯದಲ್ಲಿ ನಾನು ಹಳೇ ಕಳ್ಳ. 2009ರಲ್ಲಿ ಬೆಂಗಳೂರಿಗೆ ಬಂದ ಹೊಸತು, ಟ್ರೈನಿಂಗಿನ ಮೊದಲ ದಿನ. ಒಬ್ಬೊಬ್ಬರೇ ಎದ್ದು ನಿಂತು ಹೆಸರು, ಊರು, ಇಷ್ಟದ ಹಾಡು ಹೇಳಬೇಕು. ನನ್ನ ಮುಂದಿನವನು ಪಿಂಕ್ ಫ್ಲಾಯ್ಡ್ ಅಂದ. ನನ್ನ ಬಾಯಲ್ಲಿ ಏನು ಇತ್ತೋ ಅದನ್ನು ನುಂಗಿ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅಂದೆ. ಅದರ ಹೆಸರು ಒಂದು ಟೀ ಶರ್ಟಿನ ಮೇಲೆ ಓದಿದ್ದೆ, ಅಷ್ಟೇ. ಊಟದ ಹೊತ್ತಿಗೆ ಒಬ್ಬ ಬಂದು ಕೊನೆಯ ಗಿಟಾರ್ ಬಗ್ಗೆ ಮಾತಾಡೋಕೆ ನಿಂತ. ‘ಹೂಂ ಹೂಂ’ ಅಂತ ತಲೆ ಆಡಿಸಿದೆ. ಸಂಜೆ ಸೈಬರ್ ಸೆಂಟರಿಗೆ ಹೋಗಿ ಕೇಳಿದ ಮೇಲೆ ಗೊತ್ತಾಯ್ತು, ಹಾಡು ಆರೂವರೆ ನಿಮಿಷ ಇದೆ ಅಂತ. ಚೆನ್ನಾಗೇ ಇತ್ತು. ಆದರೆ ಅದು ನನ್ನದಾಗಿರಲಿಲ್ಲ.

ಊರು ಹೇಳೋದರಲ್ಲೂ ಅವತ್ತು ಅರ್ಧ ಸುಳ್ಳೇ. ಕೊಟ್ಟೂರಿನ ಹತ್ತಿರದ ಹಳ್ಳಿ ಅನ್ನೋ ಬದಲು ‘ದಾವಣಗೆರೆ ಕಡೆ’ ಅಂದಿದ್ದೆ. ಬಿಇ ಓದಿದ್ದು ಅಲ್ಲಿ ಅನ್ನೋದು ನೆಪ.

ಇದು ನನ್ನೊಬ್ಬನ ರೋಗ ಅಲ್ಲ ಅಂತ ಆಮೇಲೆ ಓದಿ ಸಮಾಧಾನ ಮಾಡ್ಕೊಂಡೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದ್ಯೂ 1960ರ ದಶಕದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು ನಿಮಗೆ ಯಾವ ಸಂಗೀತ ಇಷ್ಟ, ಯಾವ ಚಿತ್ರ ಇಷ್ಟ ಅಂತೆಲ್ಲ ಕೇಳಿ, 1979ರಲ್ಲಿ ದಪ್ಪ ಪುಸ್ತಕ ಬರೆದ. ಅಭಿರುಚಿ ಅಂತ ನಾವು ಕರೆಯೋದರಲ್ಲಿ ಮನೆತನ, ಓದು, ಕೆಲಸ ಎಲ್ಲ ಅಡಗಿ ಕೂತಿರುತ್ತೆ ಅನ್ನೋದು ಅದರ ತಿರುಳು. ಬಿಬಿಸಿ ರೇಡಿಯೋದಲ್ಲಿ 1942ರಿಂದ ಒಂದು ಕಾರ್ಯಕ್ರಮ ಬರ್ತಿದೆ, ನಿರ್ಜನ ದ್ವೀಪಕ್ಕೆ ಹೋಗೋದಾದ್ರೆ ಯಾವ ಎಂಟು ರೆಕಾರ್ಡ್ ಒಯ್ಯುತ್ತೀರಿ ಅಂತ ಅತಿಥಿಗಳನ್ನು ಕೇಳ್ತಾರೆ. 1958ರಲ್ಲಿ ಬಂದ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅನ್ನೋ ದೊಡ್ಡ ಗಾಯಕಿ ಎಂಟರಲ್ಲಿ ಏಳು ತಾನೇ ಹಾಡಿದ್ದನ್ನು ಆರಿಸಿದಳಂತೆ. ಜನ ಇವತ್ತಿಗೂ ನಗ್ತಾರೆ. ನನಗೆ ಮಾತ್ರ ಆಕೆಯ ಮೇಲೆ ಗೌರವ. ಮುಚ್ಚುಮರೆ ಇಲ್ಲ.

ಈ ಸಲ ನಿಜ ಬರೆಯೋಣ ಅಂತ ಕೂತೆ.

ಮೊದಲನೇದು ಬೇಗ ಸಿಕ್ತು. ‘ಸಂಪತ್ತಿಗೆ ಸವಾಲ್’ ಸಿನಿಮಾದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡೋ ಹಾಡು. 1974ರ ಸಿನಿಮಾ. ಅಲ್ಲಿವರೆಗೆ ರಾಜ್‌ಕುಮಾರ್‌ಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿ ಕೊಡ್ತಿದ್ದರು, ಈ ಹಾಡಿನಿಂದ ಮುಂದೆ ಅವರೇ ಹಾಡೋಕೆ ಶುರು ಮಾಡಿದ್ರು. ಆದರೆ ನಮ್ಮ ಮನೆಯಲ್ಲಿ ಅದು ಮೊದಲು ಸಿನಿಮಾ ಅಲ್ಲ, ನಾಟಕ. ಪಿ.ಬಿ. ಧುತ್ತರಗಿಯವರ ನಾಟಕ. ಊರಲ್ಲಿ ಹುಡುಗರು ಆಡಿದಾಗ ಅಪ್ಪ ಒಂದು ಸಣ್ಣ ಪಾತ್ರ ಹಾಕಿದ್ದನಂತೆ, ಎರಡು ಮಾತಿನದ್ದು, ಅದರಲ್ಲಿ ಒಂದು ಮರೆತಿದ್ದನಂತೆ. ಸಂಜೆ ಎಮ್ಮೆ ಹೊಡೆದುಕೊಂಡು ಬರುವಾಗ ಅಪ್ಪ ಆ ಹಾಡು ಗುನುಗುತ್ತಿದ್ದ. ಎರಡು ಸಾಲಲ್ಲಿ ಇದನ್ನು ಹೇಳಬಹುದು.

ಎರಡನೇದು ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ್ದು. 2006ರ ಕೊನೆಗೆ ಸಿನಿಮಾ ಬಂತು, ಹಾಸ್ಟೆಲಿನಲ್ಲಿ ಮೂವತ್ತು ರೂಮು, ಮೂವತ್ತರಲ್ಲೂ ಅದೇ. ಅದಕ್ಕೆ ರಾಗ ಹಾಕಿದ ಮನೋಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮದಲ್ಲಿದ್ದವರು ಅಂತ ಗೊತ್ತಾದ ದಿನ ನಮ್ಮ ಬ್ರಾಂಚಿನವರಿಗೆ ಒಂಥರಾ ಹೆಮ್ಮೆ. ಕೋಡ್ ಬರೆಯೋರೂ ಇಂಥದ್ದು ಮಾಡಬಹುದು ಅಂತ. ಮಾಡಲಿಲ್ಲ ಅನ್ನಿ.

ಮೂರನೇದರಲ್ಲಿ ಮತ್ತೆ ಜಾರಿದೆ. ಜೋಗತಿಯರ ಚೌಡಿಕೆ ಪದ ಅಂತ ಬರೆದೆ. ‘ನನ್ನ ನೆಲದ ದನಿ, ಬಾಲ್ಯದಿಂದ ಕೇಳುತ್ತಾ ಬೆಳೆದದ್ದು’ ಅಂತ ಕಾರಣ ಬೇರೆ. ಬರೆದು ಓದಿದಾಗ ನನಗೇ ನಾಚಿಕೆ ಆಯ್ತು. ಬಾಲ್ಯದಲ್ಲಿ ಜೋಗಮ್ಮಗಳು ಓಣಿಗೆ ಬಂದರೆ ನಾನು ಒಳಗೆ ಓಡಿ ಬಾಗಿಲ ಸಂದಿಯಿಂದ ನೋಡ್ತಿದ್ದೆ. ಪದ ಕೇಳಿದ್ದು ಯಾವಾಗ? ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಯೂಟ್ಯೂಬಿನಲ್ಲಿ. ಅವರು ಜಾನಪದ ಅಕಾಡೆಮಿ ಅಧ್ಯಕ್ಷೆ ಆಗಿದ್ದಾಗಲೂ ನಾನು ಕೇಳಿರಲಿಲ್ಲ. ಹದಿಮೂರು ವರ್ಷದ ಹಿಂದೆ ಹಳ್ಳಿಯವನಲ್ಲ ಅಂತ ತೋರಿಸೋಕೆ ಒಂದು ಹಾಡು ಬೇಕಿತ್ತು, ಈಗ ಹಳ್ಳಿಯವನೇ ಅಂತ ತೋರಿಸೋಕೆ ಒಂದು ಬೇಕು. ಅಳಿಸಿದೆ.

ಆ ಜಾಗಕ್ಕೆ ‘ಪ್ರೇಮಲೋಕ’ ಬಂತು. 1987ರ ಸಿನಿಮಾ, ಹಂಸಲೇಖ ಬರೆದು ರಾಗ ಹಾಕಿದ ಹಾಡುಗಳು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕನಿಗೆ ಅದರ ಹುಚ್ಚು. ಧಾರವಾಡ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡ್ ಬರೆಯೋಳು. ಹಾಡು ಕೇಳಿದವರ ಹೆಸರನ್ನೆಲ್ಲ ಓದ್ತಾರಲ್ಲ, ಅದಕ್ಕಾಗಿ ಅಪ್ಪ, ಅವ್ವ, ಅಜ್ಜಿ, ನಾನು, ಪಕ್ಕದ ಮನೆಯವರು ಎಲ್ಲರ ಹೆಸರೂ ಸೇರಿಸೋಳು. ಒಂದು ಸಲ ಎರಡು ಎತ್ತುಗಳ ಹೆಸರನ್ನೂ ಸೇರಿಸಿದ್ದಳು. ಪುಣ್ಯಾತ್ಮರು ಅದನ್ನೂ ಓದಿದ್ರು. ಅಜ್ಜಿ ಹೋಗಿ ಎತ್ತುಗಳಿಗೆ ಹೇಳಿ ಬಂದಳು. ಆಗಿನ ಪಟ್ಟಿ ಹಾಡಿನದ್ದಲ್ಲ, ಹೆಸರುಗಳದ್ದು. ಇಷ್ಟ ಯಾರದ್ದು ಅಂತ ಯಾರೂ ಕೇಳ್ತಿರಲಿಲ್ಲ.

ನಾಲ್ಕು ಮತ್ತು ಐದಕ್ಕೆ ಬಂದಾಗ ಫೋನಿನ ಆ್ಯಪ್ ಅಡ್ಡ ಬಂತು. ಅದು ವರ್ಷದ ಕೊನೆಗೆ ನೀವು ಯಾವ ಹಾಡು ಹೆಚ್ಚು ಕೇಳಿದ್ರಿ ಅಂತ ಲೆಕ್ಕ ಕೊಡುತ್ತಲ್ಲ, ಆ ಪಟ್ಟಿ ತೆಗೆದೆ. ಮೊದಲನೇದು ಮಗಳಿಗೆ ಊಟ ಮಾಡಿಸುವಾಗ ಹಾಕೋ ಆನೆಯ ಹಾಡು. ಅದನ್ನು ನಾಲ್ಕನೇದು ಅಂತ ಬರೆದೆ, ಸುಳ್ಳೇನಿಲ್ಲ. ಆ್ಯಪಿನ ಪ್ರಕಾರ ಎರಡನೇದು ಇನ್ನೊಂದು ಹಾಡು. ಅದರ ಹೆಸರು ಇಲ್ಲಿ ಬರೆಯಲ್ಲ. ಬರೆದ್ರೆ ನೀವೂ ಗುನುಗೋಕೆ ಶುರು ಮಾಡ್ತೀರಿ.

ತೊಂಬತ್ತರ ದಶಕದ ಕೊನೆಯ ಹಾಡು ಅದು. ಒಲ್ಲೆ ಅಂದ ಹುಡುಗಿಯನ್ನು ಹುಡುಗ ಬೈಯೋ ಹಾಡು. ಆಗ ಅಂಥವುಗಳದ್ದೇ ಸುಗ್ಗಿ. ತಬಲಾ ಶುರುವಾದ್ರೆ ಇವತ್ತಿಗೂ ನನ್ನ ಬೆರಳು ಸುಮ್ಮನಿರಲ್ಲ. ಮಾರತ್ತಹಳ್ಳಿ ಸಿಗ್ನಲ್ಲಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತೀನಿ, ಸ್ಪೀಕರಿನಲ್ಲಿ ಯಾವತ್ತೂ ಹಾಕಿಲ್ಲ. ಹೆಂಡತಿಗೂ ಗೊತ್ತಿಲ್ಲ. ಯಂತ್ರಕ್ಕೆ ಮಾತ್ರ ಗೊತ್ತಿತ್ತು.

ಅಕ್ಕ ಕೊಟ್ಟೂರಿನಲ್ಲಿ ಪಿಯು ಮೊದಲ ವರ್ಷ, ನಾನು ಅಲ್ಲೇ ಹೈಸ್ಕೂಲು. ಬೆಳಿಗ್ಗೆ ಒಂದೇ ಬಸ್ಸು. ಹುಡುಗಿಯರು ಮುಂದೆ, ದೊಡ್ಡ ಹುಡುಗರು ಹಿಂದಿನ ಉದ್ದ ಸೀಟು. ನನ್ನಂಥ ಸಣ್ಣವರು ನಡುವೆ ಕಂಬ ಹಿಡಿದು ನಿಲ್ಲಬೇಕು. ಅಕ್ಕ ಹತ್ತಿದ ಕೂಡಲೇ ಹಿಂದಿನವರು ಆ ಹಾಡು ಎತ್ತೋರು. ಹೆಸರು ಹಿಡಿದು ಕರೀತಿರಲಿಲ್ಲ, ಮೈ ಮುಟ್ಟಲಿಲ್ಲ. ಬರೀ ಹಾಡು. ಕಂಡಕ್ಟರ್ ನಗ್ತಿದ್ದ. ಒಂದು ದಿನ ಅವರಲ್ಲಿ ಒಬ್ಬ ಜರುಗಿ ನನಗೆ ಹಿಂದೆ ಜಾಗ ಕೊಟ್ಟ. ಹಿಂದಿನ ಸೀಟು ಸಾರ್! ಎಂಟನೇ ಕ್ಲಾಸಿನವನಿಗೆ ಅದು ಸಿಂಹಾಸನ. ಅವರು ಹಾಡಿದ್ರು, ನಾನು ಮುಂದಿನ ಸೀಟಿನ ತಗಡಿನ ಮೇಲೆ ತಾಳ ಹಾಕಿದೆ. ಚೆನ್ನಾಗಿ ಹಾಕ್ತಿದ್ದೆ. ಆಮೇಲೆ ದಿನಾ ನನ್ನ ಜಾಗ ಅಲ್ಲೇ.

ಮರುವರ್ಷ ಅಕ್ಕ ಆ ಬಸ್ಸಿಗೆ ಬರಲಿಲ್ಲ. ಹಗರಿಬೊಮ್ಮನಹಳ್ಳಿಯ ಅತ್ತೆಗೆ ಮೈ ಹುಷಾರಿಲ್ಲ, ಮನೆಗೆ ಕೈ ಬೇಕು ಅಂತ ಅಲ್ಲಿಗೆ ಹೋಗಿ ಅಲ್ಲೇ ಪಿಯು ಮುಗಿಸಿದಳು.

ಈಗ ಫಾರ್ಮಿನ ಮುಂದೆ ಕೂತು ನನ್ನ ಜೊತೆ ನಾನೇ ವಾದ ಮಾಡಿದೆ. ಹಾಡು ಬೇರೆ, ಹಾಡಿದವರು ಬೇರೆ. ಚಾಕು ಹಣ್ಣೂ ಕೊಯ್ಯುತ್ತೆ, ಕೈಯೂ ಕೊಯ್ಯುತ್ತೆ ಅಂತೀವಲ್ಲ, ಹಾಗೆ. ಆದರೆ ಈ ಚಾಕುವನ್ನು ಮಾಡಿದವನೇ ಅದರ ಮೇಲೆ ಯಾರ ಕೈ ಅಂತ ಬರೆದಿದ್ದ, ಆ ವಾದ ನಿಲ್ಲಲಿಲ್ಲ. ಇನ್ನೊಂದು ವಾದ ಗಟ್ಟಿ ಅನ್ನಿಸ್ತು: ಇಷ್ಟ ಅನ್ನೋದು ನನ್ನ ಕೈಯಲ್ಲಿಲ್ಲ. 1989ರಲ್ಲಿ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಅನ್ನೋ ಅಮೆರಿಕದ ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಹಳೇ ಹಿಟ್ ಹಾಡುಗಳನ್ನು ಕೇಳಿಸಿ ನೋಡಿದ್ರು. ಜನ ಹೆಚ್ಚು ಮೆಚ್ಚೋದು ತಮ್ಮ ಹದಿವಯಸ್ಸಿನ ಕೊನೆ, ಇಪ್ಪತ್ತರ ಶುರುವಿನ ಹೊತ್ತಿಗೆ ಬಂದ ಹಾಡುಗಳನ್ನು. ಲೆಕ್ಕದಲ್ಲಿ ತುದಿ ಬಂದದ್ದು ಇಪ್ಪತ್ಮೂರೂವರೆಗೆ. ನನಗೆ ಇನ್ನೂ ಬೇಗ ಬಿದ್ದಿರಬೇಕು. ಹದಿಮೂರರಲ್ಲಿ ಕಿವಿಗೆ ಸುರಿದದ್ದಕ್ಕೆ ಮೂವತ್ತಾರರಲ್ಲಿ ಹೊಣೆ ಹೇಗೆ ಹೊರಲಿ? ಕಿವಿಗೆ ರೆಪ್ಪೆ ಇಲ್ಲ.

ಸರಿ, ಇಷ್ಟ ನನ್ನ ಕೈಯಲ್ಲಿಲ್ಲ, ಪಟ್ಟಿ ನನ್ನ ಕೈಯಲ್ಲಿದೆ. ಹಾಡನ್ನು ತೆಗೆದುಬಿಟ್ರೆ? ಆಗ ಕೇಸ್ಕರ್ ನೆನಪಾದ್ರು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ಕೀಳು ಅಂತ ಆಕಾಶವಾಣಿಯಿಂದ ಹೆಚ್ಚುಕಮ್ಮಿ ಹೊರಗೆ ಹಾಕಿದ್ರು. ಜನ ಶಾಸ್ತ್ರೀಯ ಸಂಗೀತಕ್ಕೆ ಬದಲಾಗಲಿಲ್ಲ, ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದ್ರು, ಬಿನಾಕಾ ಗೀತಮಾಲಾ ಕೇಳಿದ್ರು. 1957ರಲ್ಲಿ ಸರ್ಕಾರವೇ ಸೋತು ವಿವಿಧ ಭಾರತಿ ಶುರು ಮಾಡಬೇಕಾಯ್ತು. ನಾನೂ ಫಾರ್ಮಿನಲ್ಲಿ ಅಳಿಸಿ ಇಯರ್‌ಫೋನಿನಲ್ಲಿ ಕೇಳ್ತೀನಿ. ನನ್ನೊಳಗೇ ಒಬ್ಬ ಮಂತ್ರಿ, ನನ್ನೊಳಗೇ ಒಂದು ಸಿಲೋನು.

ಅಕ್ಕನನ್ನೇ ಕೇಳೋಣ ಅನ್ನಿಸ್ತು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಈ ಮಾತು ಎತ್ತಿರಲಿಲ್ಲ. ಅಕ್ಕ ಈಗ ಹರಪನಹಳ್ಳಿಯಲ್ಲಿ. ಮದುವೆಯಾಗಿ ಹೋದಾಗ ಅದು ದಾವಣಗೆರೆ ಜಿಲ್ಲೆ, 2018ರಲ್ಲಿ ಬಳ್ಳಾರಿ, 2021ರಲ್ಲಿ ವಿಜಯನಗರ. ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ನೋಡಿದವಳು. ಭಾನುವಾರ ಫೋನ್ ಮಾಡಿ, ಅದೂ ಇದೂ ಮಾತಾಡಿ, ಮೆಕ್ಕೆಜೋಳದ ರೇಟು ಕೇಳಿ, ಕೊನೆಗೆ ಹಾಡಿನ ಹೆಸರು ಹೇಳಿದೆ. ನೆನಪೈತಾ ಅಂದೆ.

ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೀತು.

“ಈಗ್ಯಾಕ ಅದು?”

ಫಾರ್ಮಿನ ಕಥೆ ಹೇಳಿದೆ. ನಕ್ಕಳು. “ನಿಮ್ಮ ಕಂಪನ್ಯಾಗ ಬ್ಯಾರೆ ಕೆಲಸ ಇಲ್ಲೇನಲೇ?” ಆಮೇಲೆ ಅಂದಳು, “ಆ ಕ್ಯಾಸೆಟ್ ತಂದಾಕಿನ ನಾನು. ಕೊಟ್ಟೂರು ತೇರಿನ್ಯಾಗ. ನಿನಗ ನೆನಪಿಲ್ಲ. ಬಾಳ ಸೇರ್ತಿತ್ತು ನನಗ ಆ ಹಾಡು.”

ನನಗೆ ನಿಜಕ್ಕೂ ನೆನಪಿರಲಿಲ್ಲ.

“ಅವರು ಬಸ್ಸಿನ್ಯಾಗ ಹಾಡಾಕ ಹತ್ತಿದ ಮ್ಯಾಲೆ ಬಿಟ್ಟುಹೋತು. ಮದುವಿ ಮನ್ಯಾಗ ಹಾಕಿದ್ರೂ ಹೊಟ್ಟ್ಯಾಗ ಹೆಂಗೋ ಆಗ್ತಿತ್ತು, ಎದ್ದು ಒಳಗ ಹೋಗ್ತಿದ್ದೆ.” ಸ್ವಲ್ಪ ಬಿಟ್ಟು, “ನೀ ತಾಳ ಹಾಕ್ತಿದ್ದಿ,” ಅಂದಳು.

“ಹೂಂ.”

“ನನಗ ಬಿಟ್ಟುಹೋತು. ನಿನಗ್ಯಾಕ ಹೋಗ್ಲಿಲ್ಲ?”

ಸಿಟ್ಟಿನಿಂದ ಕೇಳಿದ್ದಲ್ಲ ಅದು. ಸಿಟ್ಟಿದ್ದಿದ್ರೆ ತಪ್ಪಾಯ್ತು ಅಂತ ಹೇಳಿ ಮುಗಿಸಬಹುದಿತ್ತು. ಲೆಕ್ಕ ತಾಳೆ ಆಗ್ತಿಲ್ಲ, ಎಲ್ಲಿ ಬಿಟ್ಟೀನಿ ನೋಡು ಅಂತ ಕೇಳಿದ ಹಾಗಿತ್ತು. ಇಷ್ಟ ನನ್ನ ಕೈಯಲ್ಲಿಲ್ಲ ಅನ್ನೋ ನನ್ನ ಗಟ್ಟಿ ವಾದ ಅಲ್ಲೇ ಕುಸೀತು. ಅದೇ ಹಾಡು, ಅದೇ ಬಸ್ಸು, ಒಂದೇ ಮನೆಯ ಎರಡು ಜೋಡಿ ಕಿವಿ. ಅವಳದ್ದು ಕೇಳೋದನ್ನು ನಿಲ್ಲಿಸ್ತು. ನನ್ನದಕ್ಕೆ ಸೀಟು ಸಿಕ್ಕಿತ್ತು.

ಮಾತು ಬದಲಿಸೋಕೆ ಕೇಳಿದೆ, “ನೀ ಅತ್ತಿಗೆ ಹುಷಾರಿಲ್ಲ ಅಂತಲ್ಲಾ ಹೋಗಿದ್ದು, ಹಗರಿಬೊಮ್ಮನಹಳ್ಳಿಗೆ?”

“ಅತ್ತಿ ಗಟ್ಟಿಮುಟ್ಟಾಗೇ ಇದ್ಲು ಬಿಡು,” ಅಂದಳು. ಕುಕ್ಕರ್ ಮತ್ತೆ ಕೂಗಿತು. “ಬರಕೊ ಬೇಕಾದ್ರ. ಹಾಡಂತೂ ಚಲೋನ ಐತಿ.”

ಇಡೋಕೆ ಮುಂಚೆ ನಿನ್ನ ಐದು ಹಾಡು ಯಾವುವು ಅಂತ ಕೇಳಿದೆ. ಸುಮ್ಮನಾದಳು. ಯಾರೂ ಕೇಳಿಲ್ಲ, ಯೋಚ್ನೆ ಮಾಡಿ ಹೇಳ್ತೀನಿ ಅಂದಳು. ಇನ್ನೂ ಹೇಳಿಲ್ಲ. ನಡುವೆ ಒಂದು ಸಲ ಎಮ್ಮೆ ಹಾಡು ಸೇರಿಸ್ಕೊ ಅಂತ ಮೆಸೇಜ್ ಹಾಕಿ, ಬೇಡ ಅದು ಅಪ್ಪಂದು ಅಂತ ಅಳಿಸಿದ್ದಳು.

ಕೊನೆಯ ದಿನ ರಾತ್ರಿ ಫಾರ್ಮ್ ತೆರೆದೆ. ಬರಕೊ ಅಂತ ಅಕ್ಕ ಅಂದಿದ್ದಳು ನಿಜ, ಆದರೆ ಅದರ ಮುಂದೆ ‘ಯಾಕೆ ಇಷ್ಟ’ ಅನ್ನೋ ಡಬ್ಬಿಯೂ ಇತ್ತು. ತಬಲಾ ಚೆನ್ನಾಗಿದೆ ಅಂತ ಬರೆದು ಅಳಿಸಿದೆ. ಹಿಂದಿನ ಸೀಟು ಅಂತ ಬರೆದು ಅದನ್ನೂ ಅಳಿಸಿದೆ. ಹಾಡಿನ ಹೆಸರನ್ನೂ ಅಳಿಸಿ, ಐದನೇದನ್ನು ಖಾಲಿ ಬಿಟ್ಟು ಸಬ್ಮಿಟ್ ಒತ್ತಿದೆ. ಒಪ್ಪಲಿಲ್ಲ. ಕೆಂಪು ಅಕ್ಷರದಲ್ಲಿ ಬಂತು, ಈ ಜಾಗ ತುಂಬಲೇಬೇಕಂತೆ. ಒಂದು ಚುಕ್ಕಿ ಇಟ್ಟೆ. ತಗೊಂಡ್ತು.